ರಂಗದ ಮೇಲೆ ಬಾರದ ಸ್ಟೀವ್

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್‌ನ ‘ಆಲ್ ಮೈ ಸನ್ಸ್’ ನಾಟಕವನ್ನು ಈ ವಾರ ಮತ್ತೆ ಓದಿದೆ. ಇದು ಮೂರನೇ ಸಲ. ಮೊದಲ ಸಲ ಜೋ ಕೆಲ್ಲರ್ ಬಗ್ಗೆ ಅಯ್ಯೋ ಪಾಪ ಅನ್ನಿಸಿತ್ತು. ಎರಡನೇ ಸಲ ಮಗ ಕ್ರಿಸ್‌ನ ವಕಾಲತ್ತು ವಹಿಸಿಕೊಂಡು ಮನಸ್ಸಿನಲ್ಲೇ ವಾದ ಮಾಡಿದ್ದೆ. ಈ ಸಲ ಇಬ್ಬರೂ ಬದಿಗೆ ಸರಿದು, ಇಡೀ ನಾಟಕದಲ್ಲಿ ಒಮ್ಮೆಯೂ ರಂಗದ ಮೇಲೆ ಬಾರದ ಒಬ್ಬ ಮನುಷ್ಯ ತಲೆಯೊಳಗೆ ಕೂತುಬಿಟ್ಟಿದ್ದಾನೆ. ಅವನು ಸ್ಟೀವ್ ಡೀವರ್, ಜೋನ ಪಾಲುದಾರ. ನಾಟಕ ಶುರುವಾಗುವಾಗ ಜೈಲಿನಲ್ಲಿರುತ್ತಾನೆ, ಪರದೆ ಬೀಳುವಾಗಲೂ ಅಲ್ಲೇ.

ಓದದವರಿಗೆ ನಾಲ್ಕು ಸಾಲಿನಲ್ಲಿ ಕಥೆ. ಎರಡನೇ ಮಹಾಯುದ್ಧದ ಕಾಲ, ಅಮೆರಿಕ. ಜೋನ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಎಂಜಿನ್ನಿಗೆ ಸಿಲಿಂಡರ್ ಹೆಡ್ ತಯಾರಾಗುತ್ತವೆ. ಒಂದು ದಿನ ಬಿರುಕುಬಿಟ್ಟ ಮಾಲು ಬರುತ್ತದೆ. ಸ್ಟೀವ್ ಗಾಬರಿಯಾಗಿ ಮನೆಗೆ ಫೋನ್ ಮಾಡಿದರೆ ಜೋ, ಬಿರುಕು ಮುಚ್ಚಿ ಕಳಿಸಿಬಿಡು, ಜವಾಬ್ದಾರಿ ನನ್ನದು, ನನಗೆ ಫ್ಲೂ ಜ್ವರ, ಬರೋಕಾಗಲ್ಲ ಅನ್ನುತ್ತಾನೆ. ಇಪ್ಪತ್ತೊಂದು ಪಿ-40 ವಿಮಾನಗಳು ಉದುರುತ್ತವೆ. ಇಬ್ಬರಿಗೂ ಶಿಕ್ಷೆಯಾಗುತ್ತದೆ. ಆಮೇಲೆ ಅಪೀಲಿನಲ್ಲಿ ಜೋ ಖುಲಾಸೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಸ್ಟೀವ್ ಒಳಗೇ ಉಳಿಯುತ್ತಾನೆ.

ಇದು ಬರೀ ಕಲ್ಪನೆಯಲ್ಲ. ಮಗಳೊಬ್ಬಳು ಸೈನ್ಯಕ್ಕೆ ಕೆಟ್ಟ ಯಂತ್ರಭಾಗ ಮಾರಿದ ಸ್ವಂತ ಅಪ್ಪನನ್ನೇ ಸರ್ಕಾರಕ್ಕೆ ಹಿಡಿದುಕೊಟ್ಟ ಕಥೆಯನ್ನು ಮಿಲ್ಲರ್ ಯಾರದೋ ಬಾಯಲ್ಲಿ ಕೇಳಿದ್ದ. ಕೇಳುತ್ತಿದ್ದ ಹಾಗೇ ಅವನ ತಲೆಯಲ್ಲಿ ಮಗಳು ಮಗನಾದಳು. 1944ರಲ್ಲಿ ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್‌ವೇಗೆ ಬಂದ ಅವನ ಮೊದಲ ನಾಟಕ ನಾಲ್ಕೇ ಪ್ರದರ್ಶನಕ್ಕೆ ಮುಚ್ಚಿಹೋಗಿತ್ತು. 1947ರ ಜನವರಿಯಲ್ಲಿ ಇಲಿಯಾ ಕಜಾನ್ ನಿರ್ದೇಶನದಲ್ಲಿ ಬಂದ ಇದು 328 ಪ್ರದರ್ಶನ ಕಂಡಿತು. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಪ್ರೇಕ್ಷಕರಲ್ಲಿ ಮಗನನ್ನು ಕಳೆದುಕೊಂಡವರೂ ಇದ್ದಿರಬೇಕು, ಯುದ್ಧದ ಗುತ್ತಿಗೆಯಲ್ಲಿ ದುಡ್ಡು ಮಾಡಿದವರೂ ಇದ್ದಿರಬೇಕು. ಪಕ್ಕಪಕ್ಕದ ಕುರ್ಚಿಗಳಲ್ಲೇ ಕೂತಿದ್ದರೋ ಏನೋ.

ಈ ನಾಟಕದ ಬಗ್ಗೆ ಮಾತು ಬಂದಾಗಲೆಲ್ಲ ‘ಕುಟುಂಬ ನಿಷ್ಠೆ ಒಂದು ಕಡೆ, ಸಮಾಜದ ಹೊಣೆ ಇನ್ನೊಂದು ಕಡೆ’ ಎಂದು ತಕ್ಕಡಿ ಹಿಡಿಯುವುದು ರೂಢಿ. ನನಗೆ ಆ ತಕ್ಕಡಿಯ ಮೇಲೇ ನಂಬಿಕೆ ಇಲ್ಲ. ಜೋ ತಪ್ಪು ಮಾಡುವುದು ಮನೆಯವರ ಮೇಲಿನ ಪ್ರೀತಿ ಹೆಚ್ಚಾಗಿ ಅಲ್ಲ. ನಲವತ್ತು ವರ್ಷ ಕಟ್ಟಿದ ವ್ಯಾಪಾರ ಐದು ನಿಮಿಷದಲ್ಲಿ ಹೋಗುತ್ತದೆಂಬ ಭಯಕ್ಕೆ. ‘ಎಲ್ಲಾ ನಿನಗೋಸ್ಕರ ಮಾಡಿದ್ದು ಕಣೋ’ ಅನ್ನುವ ಮಾತು ಹುಟ್ಟುವುದು ಸಿಕ್ಕಿಬಿದ್ದ ಮೇಲೆ. ಆ ಮಾತಿನಲ್ಲಿ ತ್ಯಾಗದ ವಾಸನೆ ಇದೆ, ಆದರೆ ಅದು ಮಾಡುವ ಕೆಲಸವೇ ಬೇರೆ. ಅಪ್ಪನ ಸಾಲಕ್ಕೆ ಮಗನ ರುಜು ಹಾಕಿಸಿಕೊಳ್ಳುತ್ತದೆ. ಕ್ರಿಸ್ ಅಷ್ಟು ಹುಚ್ಚನಂತೆ ಕೂಗಾಡುವುದು ಅದಕ್ಕೇ. ಅದೇ ಕಾರ್ಖಾನೆಯ ಸಂಬಳ ತಿಂದವನು ಅವನು. ಅನುಮಾನ ಇದ್ದೂ ಬಾಯಿ ಬಿಡಲಿಲ್ಲ ಅಂತ ಕೊನೆಯ ಅಂಕದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ.

ಈಗ ನನಗೆ ತುಂಬ ಇಷ್ಟವಾದ ದೃಶ್ಯ. ಸ್ಟೀವ್‌ನ ಮಗ ಜಾರ್ಜ್ ಜೈಲಿಗೆ ಹೋಗಿ ಅಪ್ಪನನ್ನು ನೋಡಿ, ಕೆಂಡವಾಗಿ ಕೆಲ್ಲರ್ ಮನೆಗೆ ಬರುತ್ತಾನೆ. ಅಲ್ಲಿಯವರೆಗೆ ಅವನೂ ಅವನ ತಂಗಿ ಆನ್ ಕೂಡ ಅಪ್ಪನನ್ನು ದೂರ ಮಾಡಿದವರೇ. ಕ್ರಿಸ್‌ಮಸ್‌ಗೆ ಒಂದು ಕಾರ್ಡ್ ಸಹ ಕಳಿಸಿದವರಲ್ಲ. ಜಗಳಕ್ಕೆಂದು ಬಂದವನನ್ನು ಜೋನ ಹೆಂಡತಿ ಕೇಟ್ ಹೇಗೆ ಕರಗಿಸುತ್ತಾಳೆ ನೋಡಿ. ಎಷ್ಟು ಸೊರಗಿಹೋಗಿದ್ದೀಯ ಅನ್ನುತ್ತಾಳೆ. ನಿನಗೆ ಅಂತಲೇ ದ್ರಾಕ್ಷಿ ರಸ ಮಾಡಿಟ್ಟಿದ್ದೀನಿ ಅನ್ನುತ್ತಾಳೆ. ಹಳೇ ಅಕ್ಕಪಕ್ಕದ ನೆನಪು, ನಗು. ಜಾರ್ಜ್ ಮೆತ್ತಗಾಗುತ್ತಾನೆ, ಊಟಕ್ಕೂ ನಿಲ್ಲುವ ಹಾಗೆ ಕಾಣುತ್ತಾನೆ. ಜೋಗೆ ವಯಸ್ಸೇ ಆಗಿಲ್ಲವಲ್ಲ ಎಂಬಂತೆ ಮಾತು ತಿರುಗಿದಾಗ ಕೇಟ್ ಹೆಮ್ಮೆಯಿಂದ, ಹದಿನೈದು ವರ್ಷದಲ್ಲಿ ಒಂದು ದಿನ ಹಾಸಿಗೆ ಹಿಡಿದವರಲ್ಲ ಅಂದುಬಿಡುತ್ತಾಳೆ. ಯುದ್ಧದ ಸಮಯದಲ್ಲಿ ಫ್ಲೂ ಬಂದಿತ್ತಲ್ಲ ಅಂತ ಜೋ ತಡಬಡಾಯಿಸಿ ಸೇರಿಸುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಕೋರ್ಟಿನಲ್ಲಿ ವಕೀಲರ ಕೈಗೆ ಸಿಗದ ಸತ್ಯ ಗಂಡನ ಆರೋಗ್ಯ ಹೊಗಳುವ ಹೆಂಡತಿಯ ಬಾಯಿಂದ ಜಾರಿಬೀಳುತ್ತದೆ. ಯಾವ ಮನೆಮಾತಿನ ಬೆಚ್ಚಗೆಯಲ್ಲಿ ಅಪರಾಧ ಮೂರೂವರೆ ವರ್ಷ ಅಡಗಿತ್ತೋ, ಅದೇ ಮನೆಮಾತು ಅದನ್ನು ಹೊರಗೆ ಹಾಕುತ್ತದೆ. ಬರವಣಿಗೆ ಅಂದರೆ ಇದು ಮಾರಾಯರೇ.

ಕೇಟ್ ಬಗ್ಗೆ ಬೇರೆಯೇ ಒಂದು ಪೋಸ್ಟ್ ಬರೆಯಬೇಕು. ಇನ್ನೊಬ್ಬ ಮಗ ಲ್ಯಾರಿ ವಿಮಾನ ಸಮೇತ ಕಾಣೆಯಾಗಿ ವರ್ಷಗಳಾದರೂ ಅವನು ಬದುಕಿದ್ದಾನೆ ಅಂತ ಹಠ ಹಿಡಿದಿದ್ದಾಳೆ. ಕಾಣೆಯಾದ ದಿನ ಅವನಿಗೆ ಶುಭದಿನವೋ ಅಲ್ಲವೋ ನೋಡು ಅಂತ ನೆರೆಯವನಿಂದ ಜಾತಕ ಬೇರೆ ಹಾಕಿಸಿದ್ದಾಳೆ. ಅದು ತಾಯಿಯ ಕರುಳು ಅಂತ ಮೊದಲೆರಡು ಸಲ ನಂಬಿದ್ದೆ. ಈಗ ಲೆಕ್ಕಾಚಾರ ಕಾಣುತ್ತದೆ. ಲ್ಯಾರಿ ಸತ್ತಿದ್ದಾನೆ ಅಂದರೆ ಕೊಂದವನು ಅವನಪ್ಪ. ಅಪ್ಪನ ಕೈಯಲ್ಲಿ ಮಗ ಸಾಯಲು ದೇವರು ಬಿಡುವುದಿಲ್ಲ. ಆದ್ದರಿಂದ ಲ್ಯಾರಿ ಸತ್ತಿಲ್ಲ. ಜೋನ ಸಮಾಧಾನ ಇನ್ನೂ ಸಲೀಸು: ಲ್ಯಾರಿ ಪಿ-40 ಹಾರಿಸಿದವನೇ ಅಲ್ಲವಲ್ಲ! ಹಾಗಾದರೆ ಅವನ್ನು ಹಾರಿಸಿದವರು ಯಾರು ಅನ್ನುವುದು ಅವನ ಪ್ರಶ್ನೆಯಲ್ಲ. ಬೀದಿಯವರೂ ಕಡಿಮೆಯಿಲ್ಲ. ಜೋ ಚಾಲಾಕಿತನದಿಂದ ಪಾರಾದ ಅಂತ ಎಲ್ಲರಿಗೂ ಗೊತ್ತು. ಬುದ್ಧಿವಂತ ಅಂತ ಮೆಚ್ಚಿಕೊಂಡು ಅವನ ಮನೆಯಲ್ಲೇ ಇಸ್ಪೀಟು ಆಡುತ್ತಾರೆ.

ಇನ್ನೊಂದು ಚಿಕ್ಕ ಸಂಗತಿ. ನಾಟಕ ತೆರೆದಾಗ ಭಾನುವಾರ ಬೆಳಿಗ್ಗೆ ಜೋ ಪೇಪರ್ ಹಿಡಿದು ಕೂತಿರುತ್ತಾನೆ. ಸುದ್ದಿ ಪುಟ ಓದುವುದನ್ನು ಬಿಟ್ಟಿದ್ದಾನೆ, ಬೇಕಾಗಿದೆ ಜಾಹೀರಾತುಗಳನ್ನಷ್ಟೇ ಓದುತ್ತಾನೆ. ತಮಾಷೆಯಂತೆ ಬಂದು ಹೋಗುವ ವಿವರ. ಕೊನೆಯಲ್ಲಿ, ಲ್ಯಾರಿಯನ್ನು ಮದುವೆಯಾಗಬೇಕಿದ್ದ ಆನ್ ಅಡಗಿಸಿಟ್ಟಿದ್ದ ಅವನ ಪತ್ರ ಹೊರಬಂದಾಗ ಗೊತ್ತಾಗುತ್ತದೆ: ದೂರದ ಸೇನಾನೆಲೆಗೆ ತಾಯ್ನಾಡಿನ ಪೇಪರ್ ಕಟ್ಟು ಬಂದಿತ್ತು, ಅದರಲ್ಲಿ ಅಪ್ಪನ ಸುದ್ದಿ ಓದಿ, ಅವಮಾನ ತಾಳಲಾರದೆ ಲ್ಯಾರಿ ಸಾಯಲೆಂದೇ ವಿಮಾನ ಹತ್ತಿದ್ದ. ಮಗ ಸುದ್ದಿ ಪುಟ ಓದಿದ್ದ.

ಪತ್ರ ಕೇಳಿದ ಮೇಲೆ ಜೋ ಹೇಳುವ ಮಾತು ಪ್ರಸಿದ್ಧ. ಲ್ಯಾರಿಯ ಕಣ್ಣಲ್ಲಿ ಆ ಪೈಲಟ್‌ಗಳೆಲ್ಲರೂ ನನ್ನ ಮಕ್ಕಳೇ ಆಗಿದ್ದರು, ಆಗಿದ್ದರೂ ಆಗಿರಬಹುದು ಅನ್ನುತ್ತಾನೆ. ನಾಟಕದ ಹೆಸರೂ ಅಲ್ಲಿಂದಲೇ. ಇಲ್ಲಿ ಈ ಸಲವೂ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ಸಿಟ್ಟು ಬಂತು. ಸತ್ತ ಪೈಲಟ್‌ಗಳು ಲೆಕ್ಕಕ್ಕೆ ಬರಬೇಕಾದರೆ ಜೋನ ‘ಮಕ್ಕಳು’ ಆಗಲೇಬೇಕೇ? ಯಾರೋ ಅಪರಿಚಿತರು ಅಂದರೆ ಸಾಲದೇ? ಮನೆಗಿಂತ ದೊಡ್ಡದು ಏನಾದರೂ ಇದ್ದರೆ ತಲೆಗೆ ಗುಂಡು ಹೊಡೆದುಕೊಳ್ಳುತ್ತೇನೆ ಅಂತ ಮೊದಲೇ ಅಂದಿದ್ದ ಮನುಷ್ಯ ಅವನು. ದೊಡ್ಡದೊಂದು ಕಣ್ಣಿಗೆ ಬಿದ್ದಾಗ ಅದನ್ನೂ ಮನೆಯೊಳಗೆ ಸೇರಿಸಿಕೊಂಡ, ಆಮೇಲೆ ಹೊಡೆದುಕೊಂಡ. ಇದರ ಬಗ್ಗೆ ಗೆಳೆಯರೊಬ್ಬರ ಜೊತೆ ಒಂದು ತಾಸು ಜಗಳವಾಡಿದೆ. ‘ಅವನ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ’ ಅಂದರು ಅವರು. ಇರಬಹುದು. ಆದರೆ ಆ ಭಾಷೆಯಲ್ಲಿ ಸ್ಟೀವ್‌ಗೆ ಜಾಗವಿಲ್ಲವಲ್ಲ. ಅವನು ಯಾವ ಲೆಕ್ಕದಲ್ಲೂ ಜೋನ ಮಗನಲ್ಲ. ಮೇಲಿನವರು ಹೇಳಿದ್ದಕ್ಕೆ ತಲೆಯಾಡಿಸಿದ, ಹೆದರುವ, ಜೈಲಿನಲ್ಲಿ ಇನ್ನಷ್ಟು ಕುಗ್ಗಿಹೋದ ಒಬ್ಬ ಪುಕ್ಕಲ. ಅವನು ನಿರಪರಾಧಿ ಅಂತಲೂ ನಾನು ಹೇಳುತ್ತಿಲ್ಲ, ಬಿರುಕು ಮುಚ್ಚಿದ್ದು ಅವನ ಕೈಯೇ. ಆದರೆ ಅವನು ಹೊತ್ತಿರುವುದು ಇಬ್ಬರ ಪಾಲು.

ಕೊನೆಗೆ ಜೋ ಜೈಲಿಗೆ ಹೋಗಲು ಒಪ್ಪುತ್ತಾನೆ. ಕಾರು ತೆಗಿ, ಜಾಕೆಟ್ ಹಾಕಿಕೊಂಡು ಬರ್ತೀನಿ ಅಂತ ಕ್ರಿಸ್‌ಗೆ ಹೇಳಿ ಒಳಗೆ ಹೋಗುತ್ತಾನೆ. ಗುಂಡಿನ ಸದ್ದು ಕೇಳುತ್ತದೆ. ಫೋನಿನ ಆ ಕಡೆ ಇದ್ದವನೇ ಸತ್ತ. ಅವನ ಬಾಯಿಂದ ನಿಜ ಕೇಳಿಸಿಕೊಂಡ ಕೇಟ್, ಕ್ರಿಸ್ ಬದುಕಿದ್ದಾರೆ. ನಿನ್ನ ತಲೆಗೆ ಹಚ್ಚಿಕೊಳ್ಳಬೇಡ, ಮರೆತುಬಿಡು, ಬದುಕು ಅಂತ ಕೇಟ್ ಮಗನನ್ನು ತಬ್ಬಿ ಹೇಳುತ್ತಾಳೆ. ಮಿಲ್ಲರ್ ಅಲ್ಲಿಗೆ ಪರದೆ ಎಳೆಯುತ್ತಾನೆ.

ಮೂರು ದಿನದಿಂದ ನನ್ನ ತಲೆಯಲ್ಲಿರುವುದು ಆ ಕಾರು. ಬೆಳಗಾದ ಮೇಲೆ ಕ್ರಿಸ್ ಅದನ್ನು ಹತ್ತಿ ಒಬ್ಬನೇ ಜೈಲಿನ ಕಡೆ ಹೋದನೋ, ಇಲ್ಲ ಅಮ್ಮನ ಮಾತು ಕೇಳಿದನೋ?