ಚುಕ್ಕಾಣಿ ಕಳೆದ ಹಡಗು

ಮೊನ್ನೆ ಭಾನುವಾರ ನನ್ನ ಹಡಗಿನ ಚುಕ್ಕಾಣಿ ಕಳೆದುಹೋಯಿತು. ಕಿರುಬೆರಳಿನಷ್ಟು ಉದ್ದದ ಮರದ ಚೂರು. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಬಣ್ಣ ಒಣಗಲಿ ಅಂತ ಇಟ್ಟಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೇಪರೂ ಇಲ್ಲ, ಚುಕ್ಕಾಣಿಯೂ ಇಲ್ಲ. ಮೇಜು ಮಾತ್ರ ಫಳಫಳ ಹೊಳೆಯುತ್ತಿತ್ತು. "ಅದು ನಿಮ್ಮದಾ? ಐಸ್‌ಕ್ಯಾಂಡಿ ಕಡ್ಡಿ ಅಂದ್ಕೊಂಡೆ" ಅಂದಳು ಹೆಂಡತಿ. ಕಸದ ಗಾಡಿ ಆಗಲೇ ಎರಡು ರಸ್ತೆ ದಾಟಿತ್ತು.

ಮೂರು ವರ್ಷದಿಂದ ಈ ‘ಕಟ್ಟಿ ಸಾರ್ಕ್’ ಕಟ್ಟುತ್ತಿದ್ದೇನೆ. ಹೆಸರಲ್ಲೇ ಕಟ್ಟಿ ಅಂತ ಇದೆ, ಕಟ್ಟಿ ಮುಗಿದಿಲ್ಲ. ನಿಜವಾದದ್ದು ಚೀನಾದಿಂದ ಚಹಾ ತರುತ್ತಿದ್ದ ಹಳೇ ಹಾಯಿ ಹಡಗು, ಈಗ ಲಂಡನ್ನಿನ ಗ್ರೀನಿಚ್‌ನಲ್ಲಿ ಆರಾಮಾಗಿ ನಿಂತಿದೆ. ನನ್ನದು ಅದರ ನೂರರಲ್ಲೊಂದು ಅಳತೆಯದು, ಟಿವಿ ಪಕ್ಕದಲ್ಲಿ ನಿಂತಿದೆ. ಮನೆಗೆ ಬಂದವರು ಅದನ್ನು ನೋಡಿ ಮೊದಲು ಕೇಳುವುದು "ಟೈಟಾನಿಕಾ?" ಅಂತ. ಟೈಟಾನಿಕ್‌ಗೆ ನಾಲ್ಕು ಹೊಗೆಕೊಳವೆ. ಇದಕ್ಕೆ ಒಂದೂ ಇಲ್ಲ. ಇರುವುದೆಲ್ಲ ಮೂರು ಕೂವೆಮರ, ಮೈತುಂಬ ಹಾಯಿ, ಲೆಕ್ಕವಿಲ್ಲದಷ್ಟು ದಾರ. ಆದರೂ ಟೈಟಾನಿಕ್. ಆಮೇಲೆ ಎರಡನೇ ಪ್ರಶ್ನೆ: "ಎಷ್ಟಾಯ್ತು?" ಬೆಲೆ ಕೇಳಿದ ಮೇಲೆ ಮುಖದಲ್ಲಿ ಒಂದು ಕನಿಕರ ಬರುತ್ತದಲ್ಲ, ಅದನ್ನು ಮಾತ್ರ ನನಗೆ ಸಹಿಸಲು ಆಗುವುದಿಲ್ಲ. ಇದೇ ಜನ ಮಗಳ ಹುಟ್ಟುಹಬ್ಬಕ್ಕೆ ಬಲೂನಿನ ಕಮಾನಿಗೆ ಅದರ ಎರಡರಷ್ಟು ಕೊಟ್ಟಿರುತ್ತಾರೆ.

ಯಾಕೆ ಕಟ್ಟುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಲು ಒಂದು ಒಳ್ಳೆಯ ಉತ್ತರ ಇಟ್ಟುಕೊಂಡಿದ್ದೇನೆ. ಆಮೇಲೆ ಹೇಳುತ್ತೇನೆ.

ನಮ್ಮ ಮುತ್ತಜ್ಜ ಗಂಗೊಳ್ಳಿಯಲ್ಲಿ ಹಡಗು ಕಟ್ಟುವ ಮೇಸ್ತ್ರಿ. ಹಡಗು ಅಂದರೆ ಮಂಜಿ, ಹಂಚು ಹೇರಿಕೊಂಡು ಬೊಂಬಾಯಿಗೆ ಹೋಗುತ್ತಿದ್ದ ಹಾಯಿ ಹಡಗು. ನಕ್ಷೆ ಇಲ್ಲ, ಲೆಕ್ಕದ ಪುಸ್ತಕ ಇಲ್ಲ, ಎಲ್ಲ ಕಣ್ಣಳತೆ. ಹೊಳೆ ದಂಡೆಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರಂತೆ. ಹಲಗೆ ಸೊಟ್ಟ ಇದ್ದರೆ ಬೈಯುತ್ತಿದ್ದರಂತೆ. ಸೊಟ್ಟ ಇಲ್ಲದಿದ್ದರೂ ಬೈಯುತ್ತಿದ್ದರಂತೆ. ಅವರ ಬಗ್ಗೆ ನಮಗೆ ಉಳಿದಿರುವುದು ಇಷ್ಟು ‘ಅಂತೆ’ಗಳು ಮತ್ತು ಒಂದು ಉಳಿ. ಊರ ಮನೆಯಲ್ಲಿ ಆ ಉಳಿಯಿಂದ ಈಗ ಪೇಂಟ್ ಡಬ್ಬದ ಮುಚ್ಚಳ ತೆಗೆಯುತ್ತಾರೆ.

ಹಾಗಾದರೆ ಮಂಜಿಯನ್ನೇ ಕಟ್ಟಬಹುದಿತ್ತಲ್ಲ ಅಂತ ನೀವು ಕೇಳಬಹುದು. ಯಾವುದನ್ನು ನೋಡಿ ಕಟ್ಟಲಿ? ಇಂಗ್ಲಿಷರ ಹಡಗಿನ ಒಂದೊಂದು ಮೊಳೆಗೂ ಚಿತ್ರ ಇದೆ. ಡಬ್ಬದ ಜೊತೆ ಬಂದ ಪುಸ್ತಕದಲ್ಲಿ ಹದಿನೇಳನೇ ಚೂರನ್ನು ಹದಿನಾರಕ್ಕೆ ಅಂಟಿಸುವ ಮೊದಲು ಹದಿನೆಂಟು ಒಣಗಿರಬೇಕು ಅಂತೆಲ್ಲ ಬರೆದಿದ್ದಾರೆ. ಮುತ್ತಜ್ಜನ ಹಡಗಿಗೆ ಒಂದು ಫೋಟೋ ಕೂಡ ಇಲ್ಲ. ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಾಗದ ಕಾರಣ ಅಂಟಿನ ಟ್ಯೂಬಿನ ಮೇಲೆ ತೀರಿಸಿಕೊಳ್ಳುತ್ತೇನೆ.

ಚುಕ್ಕಾಣಿಯ ವಿಷಯಕ್ಕೆ ಬರುತ್ತೇನೆ. ಕಟ್ಟಿ ಸಾರ್ಕ್ ಚುಕ್ಕಾಣಿ ಕಳೆದುಕೊಂಡದ್ದು ಇದೇ ಮೊದಲಲ್ಲ. ಮೊದಲಿಂದಲೂ ಇದರ ಹಣೆಬರಹ ಅಷ್ಟಕ್ಕಷ್ಟೇ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಇದನ್ನು ಕಟ್ಟುತ್ತಿದ್ದ ಕಂಪನಿ ಅರ್ಧದಲ್ಲೇ ದಿವಾಳಿ ಎದ್ದಿತು, ಇನ್ನೊಬ್ಬರು ಮುಗಿಸಿಕೊಟ್ಟರು. (ಹಡಗು ಕಟ್ಟುವವರ ಕೈಯಲ್ಲಿ ದುಡ್ಡು ನಿಲ್ಲದಿರುವುದು ನಮ್ಮ ಮನೆತನದ ರೋಗ ಮಾತ್ರ ಅಲ್ಲ.) ನೀರಿಗೆ ಇಳಿದದ್ದು 1869ರ ನವೆಂಬರ್ 22ರಂದು. ಅದಕ್ಕೆ ಐದೇ ದಿನ ಮೊದಲು ಸೂಯೆಜ್ ಕಾಲುವೆ ತೆರೆದಿತ್ತು. ಚೀನಾದ ಚಹಾ ತರಲು ಉಗಿಹಡಗುಗಳಿಗೆ ಅಡ್ಡದಾರಿ ಸಿಕ್ಕಿತು. ಹಾಯಿ ಹಡಗು ಮಾತ್ರ ಆಫ್ರಿಕಾ ಸುತ್ತಿಯೇ ಬರಬೇಕು. ಊರಿಗೆ ಮೊಬೈಲ್ ಬಂದ ವರ್ಷವೇ ನಮ್ಮ ಭಾವ ಎಸ್‌ಟಿಡಿ ಬೂತ್ ತೆರೆದ ಹಾಗೆ.

1872ರ ಜೂನ್‌ನಲ್ಲಿ ಶಾಂಘೈಯಿಂದ ಎರಡು ಹಡಗು ಚಹಾ ತುಂಬಿಕೊಂಡು ಲಂಡನ್ನಿಗೆ ಹೊರಟವು. ಒಂದು ಇದು, ಇನ್ನೊಂದು ಥರ್ಮಾಪಿಲೀ. ನಮ್ಮದೇ ಮುಂದಿತ್ತು, ಅದೂ ಸುಮಾರು 400 ಮೈಲಿ. ಆಗಸ್ಟ್‌ನಲ್ಲಿ ಆಫ್ರಿಕಾದ ತುದಿಗೆ ಬರುತ್ತಿರುವಾಗ ಬಿರುಗಾಳಿ ಎದ್ದು ಚುಕ್ಕಾಣಿ ಕಿತ್ತುಕೊಂಡು ಹೋಯಿತು. ಹಡಗಿನಲ್ಲಿ ಮಾಲೀಕನ ತಮ್ಮ ಇದ್ದ. ಮಾಲೀಕನ ತಮ್ಮಂದಿರು ಎಲ್ಲ ಕಾಲಕ್ಕೂ ಎಲ್ಲ ದೇಶದಲ್ಲೂ ಒಂದೇ ಥರ. ಬಂದರಿಗೆ ನಡಿ, ರಿಪೇರಿ ಮಾಡಿಸು ಅಂತ ಕೂಗಾಡಿದ. ಕ್ಯಾಪ್ಟನ್ ಮೂಡಿ ಕೇಳಲಿಲ್ಲ. ಹಡಗಿನ ಬಡಗಿ ಹೆನ್ರಿ ಹೆಂಡರ್ಸನ್‌ನನ್ನು ಕರೆದು ಇಲ್ಲೇ ಮಾಡು ಅಂದ.

ಇಲ್ಲೇ ಅಂದರೆ ನಡುಗಡಲಲ್ಲಿ, ತೂಗಾಡುವ ಅಟ್ಟದ ಮೇಲೆ. ಹೆಂಡರ್ಸನ್ ಇದ್ದ ಮರವನ್ನೇ ಕತ್ತರಿಸಿದ. ಕಬ್ಬಿಣಕ್ಕೆ ಹಡಗಿನ ಕಂಬಿ ಕಿತ್ತ. ಅಟ್ಟದ ಮೇಲೇ ಕುಲುಮೆ ಹೂಡಿದ. ತಿದಿ ಒತ್ತಲು ಕ್ಯಾಪ್ಟನ್ನನ ಮಗ ಕೂತ. ಒಂದು ಅಲೆ ಹೊಡೆದು ಕುಲುಮೆ ಮಗುಚಿ, ಕೆಂಡ ಆ ಹುಡುಗನ ಮೇಲೇ ಬಿತ್ತು. ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಸಂಗತಿ. ಟಿಕೆಟ್ ಇಲ್ಲದೆ ಕದ್ದು ಹತ್ತಿದ್ದ ಇಬ್ಬರು ಹಡಗಿನಲ್ಲಿದ್ದರು. ವಿಚಾರಿಸಿದರೆ ಒಬ್ಬ ಕಮ್ಮಾರ, ಇನ್ನೊಬ್ಬ ಹಡಗು ಕಟ್ಟುವವನು! ಇದನ್ನು ಯಾರಾದರೂ ಕತೆಯಲ್ಲಿ ಬರೆದಿದ್ದರೆ ಸುಮ್ನೆ ರೀಲು ಬಿಡ್ತಾರೆ ಅಂತ ನಾನೇ ಪುಸ್ತಕ ಮುಚ್ಚಿಡುತ್ತಿದ್ದೆ. ಆರು ದಿನದಲ್ಲಿ ಹೊಸ ಚುಕ್ಕಾಣಿ ತಯಾರಾಯಿತು. ಅಷ್ಟರಲ್ಲಿ ಥರ್ಮಾಪಿಲೀ ದಾಟಿ ಹೋಗಿತ್ತು, ಲಂಡನ್ನಿಗೆ ಒಂದು ವಾರ ಮೊದಲೇ ತಲುಪಿತು. ಇವರಿಗೆ 122 ದಿನ ಹಿಡಿಯಿತು. ಕ್ಯಾಪ್ಟನ್ ಕೆಲಸ ಬಿಟ್ಟು ಹೋದ. ಹೆಂಡರ್ಸನ್‌ಗೆ 50 ಪೌಂಡ್ ಇನಾಮು ಸಿಕ್ಕಿತು.

ಹೆಂಡರ್ಸನ್‌ನ ಮುಖ ಹೇಗಿತ್ತೋ. ನನ್ನ ತಲೆಯಲ್ಲಂತೂ ಅವನು ಗಂಗೊಳ್ಳಿಯ ಪಂಚೆ ಉಟ್ಟು, ಒಂದು ಕಣ್ಣು ಮುಚ್ಚಿ, ಮಾಲೀಕನ ತಮ್ಮನಿಗೆ ಬೈಯುತ್ತಿರುತ್ತಾನೆ.

ನಡುಗಡಲಲ್ಲಿ ಅವನು ಆರು ದಿನದಲ್ಲಿ ಮಾಡಿದ್ದನ್ನು ನಾನು ಫ್ಯಾನ್ ಕೆಳಗೆ ಕೂತು ಮಾಡಬಹುದಲ್ವಾ? ಮಾಡಿಲ್ಲ. ಹಡಗಿನ ಹಿಂಭಾಗವನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ. ಟೈಟಾನಿಕಾ ಅಂತ ಕೇಳುವವರಿಗೆ ಚುಕ್ಕಾಣಿ ಇದ್ದರೆಷ್ಟು, ಬಿಟ್ಟರೆಷ್ಟು.

ನಿನ್ನೆ ಊರಿಂದ ಸೋದರತ್ತೆ ಬಂದರು. ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿಲ್ಲ. ಮುತ್ತಜ್ಜನ ತೊಡೆ ಮೇಲೆ ಕೂತು ಬೆಳೆದವರು ಮನೆಯಲ್ಲಿ ಈಗ ಅವರೊಬ್ಬರೇ. ಹಡಗನ್ನು ಮುಂದಿನಿಂದ ನೋಡಲೇ ಇಲ್ಲ. ಸೀದಾ ಗೋಡೆ ಸಂದಿಗೆ ತಲೆ ಹಾಕಿ ಬಗ್ಗಿದರು.

"ಚುಕ್ಕಾಣಿ ಎಲ್ಲಿತ್ ಮಾರಾಯಾ?"

ಮೂರು ವರ್ಷದಲ್ಲಿ ಮೊದಲ ಸಲ ಒಂದು ಸರಿಯಾದ ಪ್ರಶ್ನೆ! ಕುರ್ಚಿ ಎಳೆದು ಕೂರಿಸಿದೆ. ಪೊರಕೆ, ಪೇಪರ್, ಐಸ್‌ಕ್ಯಾಂಡಿ ಕಡ್ಡಿ, ಎಲ್ಲ ಹೇಳಿದೆ. ಅಲ್ಲಿಂದ ಶಾಂಘೈಗೆ ಹೋದೆ. ಬಿರುಗಾಳಿ ಎಬ್ಬಿಸಿದೆ, ಕುಲುಮೆ ಹೊತ್ತಿಸಿದೆ. ಟಿಕೆಟ್ ಇಲ್ಲದ ಇಬ್ಬರು ಸಿಕ್ಕಿಬೀಳುವ ಹೊತ್ತಿಗೆ ಅತ್ತೆ ಆಕಳಿಸಿದರು.

"ಅದೆಲ್ಲ ಇರಲಿ. ಮನೇಲಿ ಐಸ್‌ಕ್ಯಾಂಡಿ ಇತ್ತಾ?"

ಅತ್ತೆಗೆ ಸಕ್ಕರೆ ಕಾಯಿಲೆ. ಆದರೂ ಎರಡು ತರಿಸಿದೆ.