ಡಬ್ಬಿ ತಂದರೆ ಬೇಜಾರು ಯಾಕೆ?

ಊರಿನವರು ಬೈದರೂ ಸರಿ, ಹೇಳಿಬಿಡುತ್ತೇನೆ. ನಾಲ್ಕು ಮನೆಯವರು ಸೇರಿ ಊಟ ಮಾಡುವ ವಿಷಯದಲ್ಲಿ ನಮ್ಮ ಹಾಸನ-ಚಿಕ್ಕಮಗಳೂರು ಕಡೆಯವರಿಗಿಂತ ಪುಣೆಯವರು ಜಾಣರು. ಅಡುಗೆಯಲ್ಲಿ ಅಲ್ಲ, ಅದರಲ್ಲಿ ನಮ್ಮನ್ನು ಯಾರೂ ಹಿಂದೆ ಹಾಕಲ್ಲ. ಆದರೆ ಆ ಅಡುಗೆಯನ್ನು ಯಾರು ಮಾಡಬೇಕು, ಎಷ್ಟು ಕೈ ಸೇರಿ ಮಾಡಬೇಕು ಅನ್ನುವುದರಲ್ಲಿ ನಾವಿನ್ನೂ ಒಂದು ಮನೆ, ಒಂದು ಒಲೆ, ಅದರ ಮುಂದೆ ಒಬ್ಬಳೇ ಹೆಂಗಸು ಅನ್ನುವಲ್ಲೇ ನಿಂತಿದ್ದೇವೆ.

ನಾನು ಆಲೂರು ಕಡೆಯವನು. ಅರೆಮಲೆನಾಡು, ಅಂದರೆ ಬೆಳಗ್ಗೆ ಅಕ್ಕಿ ರೊಟ್ಟಿ, ರಾತ್ರಿ ಮುದ್ದೆ, ಎರಡೂ ಬಿಡದ ಜನ. ಕೆಲಸಕ್ಕೆ ಅಂತ ಪುಣೆಗೆ ಬಂದವನು ಇಲ್ಲೇ ಉಳಿದೆ. ಇಲ್ಲಿ ‘ಅಂಗತ-ಪಂಗತ’ ಅಂತ ಒಂದು ರೂಢಿ ಇದೆ. ಶಾಲೆ ಮಕ್ಕಳಿಂದ ಹಿಡಿದು ರಿಟೈರ್ ಆದ ಅಜ್ಜಂದಿರವರೆಗೆ ಎಲ್ಲರಿಗೂ ಗೊತ್ತು. ಅವರವರ ಮನೆಯಿಂದ ಅವರವರು ಡಬ್ಬಿ ತರುವುದು, ಸಾಲಾಗಿ ಇಲ್ಲವೇ ದುಂಡಗೆ ಕೂರುವುದು, ಮುಚ್ಚಳ ತೆಗೆದು ಎಲ್ಲರದ್ದನ್ನೂ ಎಲ್ಲರೂ ತಿನ್ನುವುದು. ಅಷ್ಟೇ. ಯಾರ ಮನೆಯಲ್ಲಿ ಸೇರುತ್ತಾರೋ ಅವರು ಅನ್ನ ಮಾಡಿಟ್ಟು, ನೀರು, ತಟ್ಟೆ ಜೋಡಿಸಿದರೆ ಮುಗಿಯಿತು. ಆ ಮನೆಯಾಕೆಯೂ ಎಲ್ಲರ ಜೊತೆ ಕೂತು ಬಿಸಿಬಿಸಿ ತಿನ್ನುತ್ತಾಳೆ. ನಮ್ಮ ಕಡೆ ಇದನ್ನು ನೋಡಿದ ನೆನಪು ನನಗಿಲ್ಲ.

ನಮ್ಮಲ್ಲಿ ಯಾರದಾದರೂ ಮನೆಗೆ ಊಟಕ್ಕೆ ಹೋಗುವಾಗ ಏನು ಒಯ್ಯುತ್ತೇವೆ ಹೇಳಿ? ಬಾಳೆಹಣ್ಣು, ಹೂವು, ಬೇಕರಿಯಿಂದ ಒಂದು ಪೊಟ್ಟಣ ಖಾರ. ತೋಟದವರಾದರೆ ಒಂದು ಬಾಳೆಗೊನೆ, ಒಂದಿಷ್ಟು ಕಾಳುಮೆಣಸು, ಕಾಲ ಇದ್ದರೆ ಕಿತ್ತಳೆ. ಬೇಯಿಸಿದ್ದು ಮಾತ್ರ ಒಯ್ಯುವುದಿಲ್ಲ. ಒಯ್ದರೆ ಬಾಗಿಲಲ್ಲೇ ಶುರು. “ಅಯ್ಯೋ, ಇದೇನಕ್ಕಾ ತಂದ್ರಿ, ನಮ್ಮನೇಲಿ ಅಡುಗೆ ಮಾಡಿಲ್ಲ ಅಂದ್ಕೊಂಡ್ರಾ?” ನಗುತ್ತಲೇ ಕೇಳುತ್ತಾರೆ. ಆದರೆ ಆ ಡಬ್ಬಿ ಊಟದ ಹೊತ್ತಿಗೆ ಹೊರಗೆ ಬರುವುದಿಲ್ಲ, ಸೀದಾ ಫ್ರಿಜ್ ಸೇರುತ್ತದೆ.

ಇದಕ್ಕೆ ಕಾರಣ ಇಲ್ಲ ಅಂತಲ್ಲ. ನಮ್ಮ ಕಡೆ ಬೇಯಿಸಿದ ಅನ್ನ-ಸಾರು ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಹೋಗುವುದು ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಸಾವಿನ ಮನೆ. ಅಲ್ಲಿ ಒಲೆ ಹಚ್ಚುವಂತಿಲ್ಲ, ಹಾಗಾಗಿ ನೆಂಟರೋ ಪಕ್ಕದ ಮನೆಯವರೋ ಅಡುಗೆ ಮಾಡಿ ಕಳಿಸುತ್ತಾರೆ. ಒಳ್ಳೆ ದಿನ ಅದೇ ಥರ ಪಾತ್ರೆ ಹಿಡಿದು ಬಂದರೆ ಹಳೆಯ ಕಾಲದ ಅಜ್ಜಿಯರಿಗೆ ಕಸಿವಿಸಿ ಆಗುವುದು ಸಹಜ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಅದು ಜಾತಿ. ಹಣ್ಣು, ಕಾಯಿ, ಹಾಲು ಯಾರ ಮನೆಯಿಂದ ಬಂದರೂ ನಡೆಯುತ್ತಿತ್ತು, ಬೇಯಿಸಿದ ಅನ್ನ ನಡೆಯುತ್ತಿರಲಿಲ್ಲ. ಬಾಳೆಹಣ್ಣು ಒಯ್ಯುವ ನಮ್ಮ ‘ಸಂಪ್ರದಾಯ’ದ ಬುಡದಲ್ಲಿ ಇದೂ ಇದೆ. ಪುಣೆಯವರೇನು ಇದರಿಂದ ಪಾರಾಗಿದ್ದಾರೆ ಅಂತ ನಾನು ಹೇಳಲ್ಲ. ಇಲ್ಲೂ ಯಾರದೋ ಡಬ್ಬಿ ಮುಟ್ಟದೆ ಪಕ್ಕದ ಡಬ್ಬಿಗೆ ಕೈ ಹಾಕುವವರನ್ನು ನೋಡಿದ್ದೇನೆ. “ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದೀರಾ?” ಅಂತ ಕೇಳುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ಆದರೆ ಹತ್ತು ಡಬ್ಬಿ ಒಟ್ಟಿಗೆ ತೆರೆದು ಕೂತಾಗ ಆ ಆಟ ಜಾಸ್ತಿ ಹೊತ್ತು ನಡೆಯುವುದಿಲ್ಲ. ಮಕ್ಕಳು ಮೊದಲು ಕೈ ಹಾಕುತ್ತವೆ, ಆಮೇಲೆ ದೊಡ್ಡವರಿಗೂ ದಾರಿ ಇರುವುದಿಲ್ಲ.

ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಹಾಸನಾಂಬೆ ದರ್ಶನದ ದಿನಗಳನ್ನೇ ತಗೊಳ್ಳಿ. ಆಶ್ವಯುಜ ಮಾಸದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆಯುತ್ತಾರೆ, ಬಲಿಪಾಡ್ಯಮಿ ಕಳೆದರೆ ಮತ್ತೆ ಮುಂದಿನ ವರ್ಷವೇ. ಅಷ್ಟು ದಿನ ಹಾಸನ ಪೇಟೆಯಲ್ಲಿ ಮನೆ ಇರುವವರ ಪಾಡು ಕೇಳಬೇಡಿ. ಬೆಂಗಳೂರು, ತುಮಕೂರು, ಚಿಕ್ಕಮಗಳೂರು, ಎಲ್ಲ ಕಡೆಯಿಂದ ನೆಂಟರು. ಕ್ಯೂನಲ್ಲಿ ನಿಂತು ನಿಂತು ಸುಸ್ತಾಗಿ, ಎಷ್ಟು ಹೊತ್ತಿಗೋ ದರ್ಶನ ಮುಗಿಸಿ, ಹೊಟ್ಟೆ ಹಸಿದುಕೊಂಡು ಸೀದಾ ಮನೆಗೆ ಬರುತ್ತಾರೆ. ನನ್ನ ಅತ್ತಿಗೆ ಮನೆ ಅಲ್ಲೇ ಇದೆ. ಒಂದು ಗುಂಪು ಊಟ ಮುಗಿಸಿ ಕೈ ತೊಳೆಯುವಾಗ ಇನ್ನೊಂದು ಗುಂಪು ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಿರುತ್ತದೆ. ಅತ್ತಿಗೆ ಒಂದು ಕೈಯಲ್ಲಿ ಸಾರಿಗೆ ನೀರು ಹಾಕಿ ಕುದಿಸುತ್ತಾ, ಇನ್ನೊಂದು ಕೈಯಲ್ಲಿ ಕುಕ್ಕರ್ ಮುಚ್ಚಳ ತೊಳೆಯುತ್ತಾ, ಬಾಯಲ್ಲಿ “ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು” ಅನ್ನುತ್ತಿರುತ್ತಾರೆ. ಅವರು ಊಟಕ್ಕೆ ಕೂರುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಇರುವುದು ಸೀಕಲು ಅನ್ನ, ಹುಳಿಯಲ್ಲಿ ಒಂದು ಹೋಳೂ ಇರುವುದಿಲ್ಲ. ಬಂದವರ ಕೈಯಲ್ಲಿ ತಲಾ ಒಂದು ಡಜನ್ ಬಾಳೆಹಣ್ಣು. ಅಷ್ಟು ಬಾಳೆಹಣ್ಣು ಏನು ಮಾಡುವುದು ಸ್ವಾಮಿ? ಹಸುವಿಗೆ ಹಾಕೋಣ ಅಂದರೆ ಪೇಟೆಯಲ್ಲಿ ಹಸುವೂ ಇಲ್ಲ. ಅದರ ಬದಲು ಒಬ್ಬರು ಪುಳಿಯೋಗರೆ, ಒಬ್ಬರು ಪಲ್ಯ, ಒಬ್ಬರು ಮೊಸರನ್ನ ತಂದಿದ್ದರೆ?

ಹಂಚಿ ತಿನ್ನುವುದು ನಮಗೆ ಹೊಸದೇನೂ ಅಲ್ಲ. ಹಬ್ಬದ ದಿನ ಪಕ್ಕದ ಮನೆಗೆ ಪಾಯಸ ಕಳಿಸುತ್ತೇವೆ. ಆ ಬಟ್ಟಲು ಬರಿದಾಗಿ ವಾಪಸ್ ಬರಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಕಾಫಿ ಕೊಯ್ಲಿಗೆ ಬಂದವರು ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಒಬ್ಬರ ಚಟ್ನಿ ಇನ್ನೊಬ್ಬರ ರೊಟ್ಟಿಗೆ ಹೋಗೇ ಹೋಗುತ್ತದೆ. ಶಾಲೆಯಿಂದ ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋದಾಗ ನಾವೂ ಹುಲ್ಲಿನ ಮೇಲೆ ಹಾಗೇ ತಿಂದವರು. ಅದೇ ಜನ ದೊಡ್ಡವರಾಗಿ, ಮನೆ ಕಟ್ಟಿಸಿ, ಡೈನಿಂಗ್ ಟೇಬಲ್ ತಂದಿಟ್ಟ ಮೇಲೆ ಡಬ್ಬಿ ಅಂದರೆ ಮರ್ಯಾದೆ ಪ್ರಶ್ನೆ ಮಾಡಿಕೊಳ್ಳುತ್ತೇವೆ.

ಇಲ್ಲಿ ಡಬ್ಬಿ ತೆರೆದು ಕೂತಾಗ ನನಗೆ ತುಂಬಾ ಖುಷಿ ಕೊಡುವುದು ಇನ್ನೊಂದು. ಅವರ ಅಡುಗೆ, ನಮ್ಮ ಅಡುಗೆ ದಾಯಾದಿಗಳು ಅಂತ ಗೊತ್ತಾಗುವುದು ಅಕ್ಕಪಕ್ಕ ಇಟ್ಟಾಗ ಮಾತ್ರ. ಅವರ ಪುರಣಪೋಳಿ ಕಡಲೆಬೇಳೆಯದು, ಹೊರಗಿನ ಹಿಟ್ಟು ಗೋಧಿ. ನಮ್ಮ ಒಬ್ಬಟ್ಟು ತೊಗರಿಬೇಳೆಯದು, ಕಣಕ ಎಣ್ಣೆಯಲ್ಲಿ ಮುಳುಗಿ ಎದ್ದಿರಬೇಕು. ಬೇಳೆ ಬಸಿದ ನೀರನ್ನು ಅವರೂ ಚೆಲ್ಲುವುದಿಲ್ಲ, ನಾವೂ ಚೆಲ್ಲುವುದಿಲ್ಲ. ಅವರದ್ದು ಕಟಾಚಿ ಆಮಟಿ, ನಮ್ಮದು ಒಬ್ಬಟ್ಟಿನ ಸಾರು. ಮಳೆಗಾಲದಲ್ಲಿ ಅವರು ಕೆಸುವಿನ ಎಲೆಗೆ ಕಡಲೆಹಿಟ್ಟು, ಹುಣಸೆಹಣ್ಣು, ಬೆಲ್ಲ ಸವರಿ ಸುತ್ತಿ ಬೇಯಿಸಿ, ಕತ್ತರಿಸಿ ಕರಿದು ಅಳುವಡಿ ಮಾಡುತ್ತಾರೆ. ಅದೇ ಎಲೆಗೆ ನಾವು ಅಕ್ಕಿ, ಕಾಯಿ, ಮೆಣಸಿನಕಾಯಿ ರುಬ್ಬಿ ಹಚ್ಚಿದರೆ ಪತ್ರೊಡೆ. ಎರಡರಲ್ಲೂ ಹುಣಸೆಹಣ್ಣು ಕಡಿಮೆಯಾದರೆ ಗಂಟಲು ತುರಿಸುವುದು ಒಂದೇ ಥರ! ಅವರೆಕಾಳಿನ ವಿಷಯಕ್ಕೆ ಬಂದರೆ, ನಾವು ಹಸಿ ಕಾಳನ್ನು ನೆನೆಸಿ ಹಿತುಕಿ ಸಾರು ಮಾಡುತ್ತೇವೆ, ಅವರು ಒಣಗಿದ ಕಾಳನ್ನು ಮೊಳಕೆ ಬರಿಸಿ ಸಿಪ್ಪೆ ಸುಲಿದು ಡಾಳಿಂಬಿ ಉಸಳ ಮಾಡುತ್ತಾರೆ. ನಮ್ಮ ಬಿಲ್ಡಿಂಗಿನ ಒಬ್ಬರು ಕಾಕು, ಅಂದರೆ ಚಿಕ್ಕಮ್ಮ, ನನ್ನ ಹಿತಕಿದ ಬೇಳೆ ಸಾರು ತಿಂದು “ಇದು ನಮ್ಮದೇ, ನೀವು ತೆಂಗಿನಕಾಯಿ ಜಾಸ್ತಿ ಹಾಕಿದ್ದೀರಿ ಅಷ್ಟೇ” ಅಂದರು. ಒಬ್ಬರೇ ಅಡುಗೆ ಮಾಡಿ ಬಡಿಸಿದ ಊಟದಲ್ಲಿ ಈ ಮಾತು ಹುಟ್ಟುವುದಿಲ್ಲ.

ಇನ್ನು ಏನು ಒಯ್ಯಬೇಕು ಅನ್ನುವುದಕ್ಕೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಬಿಸಿ ಆರಿದ ಮೇಲೂ ಮರ್ಯಾದೆ ಉಳಿಸಿಕೊಳ್ಳುವ ಅಡುಗೆ ಒಯ್ಯಬೇಕು. ಅಕ್ಕಿ ರೊಟ್ಟಿ ನನ್ನ ಪ್ರಾಣ, ಆದರೆ ಅದು ಕಾವಲಿಯಿಂದ ತಟ್ಟೆಗೆ ಬೀಳುವ ತಿಂಡಿ, ಡಬ್ಬಿಯಲ್ಲಿ ಅರ್ಧ ಗಂಟೆ ಇಟ್ಟರೆ ಹಪ್ಪಳವೂ ಅಲ್ಲ ರೊಟ್ಟಿಯೂ ಅಲ್ಲ. ಮುದ್ದೆಯಂತೂ ಆರಿದರೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ, ನುಂಗಲಿಕ್ಕೆ ಆಗಲ್ಲ. ಬಿಸಿಬೇಳೆಬಾತ್ ಒಯ್ಯಬಹುದು, ಆದರೆ ಹೋಗುವಷ್ಟರಲ್ಲಿ ಗಟ್ಟಿಯಾಗುತ್ತದೆ ಅಂತ ಗೊತ್ತಿದ್ದು ಮನೆಯಲ್ಲೇ ನೀರಾಗಿ ಮಾಡಬೇಕು, ಇಲ್ಲವೇ ಅಲ್ಲಿ ಬಿಸಿನೀರು ಹಾಕಿ ಕಲಸಬೇಕು. ಕೋಸಂಬರಿಗೆ ಉಪ್ಪು ಬಡಿಸುವ ಮುಂಚೆ ಹಾಕಿ, ಮನೆಯಲ್ಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಡಬ್ಬಿ ಪೂರ್ತಿ ಕೆರೆ. ಕಡುಬು ಪರವಾಗಿಲ್ಲ, ಬಿಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಮೆತ್ತಗೇ ಇರುತ್ತದೆ, ಆದರೆ ಅದರ ಜೊತೆಗಿನ ಕೋಳಿ ಸಾರು ತರುವ ಧೈರ್ಯ ಎಲ್ಲ ಕಡೆ ಮಾಡಲಾಗುವುದಿಲ್ಲ. ಕಳಲೆ, ಅಂದರೆ ಎಳೆ ಬಿದಿರಿನ ಪಲ್ಯ ಒಯ್ಯಬೇಡಿ. ಎರಡು ಮೂರು ದಿನ ನೀರು ಬದಲಾಯಿಸಿ ನೆನೆಸಿ, ಕಷ್ಟಪಟ್ಟು ಮಾಡಿದ್ದನ್ನು ವಾಸನೆ ಗೊತ್ತಿಲ್ಲದವರು ಮೂಗು ಮುರಿದು ಪಕ್ಕಕ್ಕೆ ತಳ್ಳಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ನಮ್ಮವರೇ ತಿನ್ನಲಿ.

ಎಲ್ಲಕ್ಕಿಂತ ನಂಬಿಕಸ್ಥ ಅಂದರೆ ಪುಳಿಯೋಗರೆ. ಹುಣಸೆಹಣ್ಣು, ಬೆಲ್ಲ, ಹುರಿದ ಮೆಂತ್ಯ, ಎಳ್ಳು, ಅರಸೀಕೆರೆ ಕಡೆಯ ಒಳ್ಳೆ ಕೊಬ್ಬರಿ ಹಾಕಿ ಗೊಜ್ಜನ್ನು ಎಣ್ಣೆ ಮೇಲೆ ತೇಲುವವರೆಗೆ ಕುದಿಸಿಟ್ಟುಕೊಂಡರೆ ಅರ್ಧ ಕೆಲಸ ಹಿಂದಿನ ದಿನವೇ ಮುಗಿಯಿತು. ಅನ್ನ ಉದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ಸ್ವಲ್ಪ ಎಣ್ಣೆ ಸವರಿ ಪೂರ್ತಿ ಆರಿಸಿ ಕಲಸಬೇಕು. ಕಲಸಿದ ಕೂಡಲೇ ತಿಂದರೆ ಹುಳಿ ಬೇರೆ, ಅನ್ನ ಬೇರೆ ಅನಿಸುತ್ತದೆ. ಮೂರು ನಾಲ್ಕು ಗಂಟೆ ಬಿಟ್ಟರೆ ತಾನಾಗಿ ಒಂದಾಗುತ್ತದೆ. ಅಂದರೆ ದಾರಿಯಲ್ಲಿ ಹಾಳಾಗುವ ಬದಲು ದಾರಿಯಲ್ಲೇ ರುಚಿ ಹೆಚ್ಚುತ್ತದೆ! ಎರಡನೆಯದು ಮೊಸರನ್ನ. ಇದಕ್ಕೆ ಮೊಸರು ಸುರಿಯಬೇಡಿ. ಬಿಸಿ ಅನ್ನ ಮೆತ್ತಗೆ ಹಿಸುಕಿ ಹಾಲು ಹಾಕಿ, ಉಗುರುಬೆಚ್ಚಗೆ ಆದ ಮೇಲೆ ಒಂದೆರಡು ಚಮಚ ಮೊಸರು ಬೆರೆಸಿ. ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಊಟದ ಹೊತ್ತಿಗೆ ಅದು ತಾನೇ ಹೆಪ್ಪಾಗಿ ಹದಕ್ಕೆ ಬಂದಿರುತ್ತದೆ, ಹುಳಿ ಇರಲ್ಲ. ಇಲ್ಲಿ ಮೊದಲು ಖಾಲಿಯಾಗುವುದು ಇದೇ. ಪನೀರ್ ತಂದವರು ಅರ್ಧ ಡಬ್ಬಿ ವಾಪಸ್ ಒಯ್ಯುವುದನ್ನು ನೋಡಲು ನನಗೆ ಒಂಥರಾ ಕೆಟ್ಟ ಖುಷಿ.

ಪುಣೆಯವರದ್ದೆಲ್ಲ ಸರಿ ಅಂತ ಅಲ್ಲ. ಅವರಲ್ಲಿ ಯಾರು ಏನು ತರಬೇಕು ಅಂತ ವಾಟ್ಸಾಪ್‌ನಲ್ಲಿ ವಾರ ಮುಂಚೆ ಲೆಕ್ಕಾಚಾರ ಶುರುವಾಗುತ್ತದೆ. ಚಪಾತಿ ಎಷ್ಟು, ಭಾಜಿ ಎಷ್ಟು, ಒಬ್ಬರಿಗೆ ಎರಡು ವಡಿ ಅಂದರೆ ಎರಡೇ. ನಾನು ನಮ್ಮೂರ ಪದ್ಧತಿಯಲ್ಲಿ ಪಕ್ಕದವರ ತಟ್ಟೆಗೆ ಇನ್ನೊಂದು ಸೌಟು ಹಾಕಲು ಹೋದರೆ ಗಾಬರಿಯಾಗಿ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ, ನಿಜವಾಗಲೂ ಬೇಡ ಅಂತಲೇ ಹಿಡಿಯುತ್ತಾರೆ. ನಮ್ಮಲ್ಲಿ ಕೈ ಅಡ್ಡ ಹಿಡಿಯುವುದು ಅಂದರೆ ‘ಹಾಕಿ, ಆದರೆ ಸ್ವಲ್ಪ’ ಅಂತ ಅಲ್ವಾ? ಎಲೆ ಮುಂದೆ ಕೂತವರಿಗೆ ಬಗ್ಗಿ, ಮುಖ ನೋಡಿ, ಬೇಡ ಅಂದರೂ ಒತ್ತಾಯ ಮಾಡಿ ಬಡಿಸುವುದು ನಮ್ಮ ಕಡೆಯವರಿಗೇ ಸರಿ. ಅದನ್ನು ಬಿಡಬೇಡಿ ಅಂತಲೇ ನನ್ನ ವಾದ. ಡಬ್ಬಿ ಹತ್ತು ಮನೆಯದ್ದಾದರೂ ಬಡಿಸುವ ಕೈ ಮನೆಯವರದ್ದೇ ಇರಲಿ. ಮದುವೆ, ನಾಮಕರಣ, ದೇವರ ಕಾರ್ಯಕ್ಕೂ ಡಬ್ಬಿ ತನ್ನಿ ಅಂತ ನಾನು ಹೇಳುತ್ತಿಲ್ಲ, ಅದಕ್ಕೆಲ್ಲ ಅಡುಗೆ ಭಟ್ಟರಿದ್ದಾರೆ. ಭಾನುವಾರ ಸುಮ್ನೆ ನಾಲ್ಕು ಮನೆ ಸೇರುವುದಕ್ಕೂ ಒಬ್ಬಳ ಸೊಂಟ ಬೀಳಿಸುವುದು ಬೇಡ ಅಂತ ಅಷ್ಟೇ.

ಗಂಡಸರಿಗೂ ಒಂದು ಮಾತು. “ಹೆಂಗಸರಿಗೆ ಬಡಿಸೋದರಲ್ಲೇ ಖುಷಿ, ನೀನ್ಯಾಕೆ ತಲೆ ಕೆಡಿಸ್ಕೋತೀಯ” ಅಂತ ಊರಲ್ಲಿ ನನಗೆ ಹೇಳಿದವರೆಲ್ಲ ಗಂಡಸರೇ. ಒಬ್ಬ ಹೆಂಗಸೂ ಹೇಳಿಲ್ಲ. ಡಬ್ಬಿ ಪದ್ಧತಿ ಬಂದರೆ ಆ ಡಬ್ಬಿಯನ್ನೂ ಮನೆಯಲ್ಲಿ ಹೆಂಡತಿಯೇ ತುಂಬಿ, ಗಂಡ ಬಸ್‌ಸ್ಟ್ಯಾಂಡಿನವರೆಗೆ ಹಿಡಿದುಕೊಂಡರೆ ದೊಡ್ಡ ಉಪಕಾರ ಮಾಡಿದಂತೆ ನಡೆಯುತ್ತಾನೆ ಅಂತಲೂ ಗೊತ್ತು, ಪುಣೆಯಲ್ಲೂ ಬಹಳ ಮನೆಯಲ್ಲಿ ಹಾಗೇ ಇದೆ. ಮೊಸರನ್ನ ಕಲಸುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ ಮಹರಾಯರೇ, ಅಲ್ಲಿಂದ ಶುರು ಮಾಡಿ.

ಈ ಸಲ ಹಾಸನಾಂಬೆಗೆ ಬರುವ ನಮ್ಮ ಕಡೆಯ ಮನೆಗಳಿಗೆಲ್ಲ ಫೋನ್ ಮಾಡಿ ಒಂದೊಂದು ಡಬ್ಬಿ ತರಲು ಹೇಳುತ್ತೇನೆ ಅಂತ ಅತ್ತಿಗೆಗೆ ತಿಳಿಸಿದೆ. ಮೊದಲು “ಜನ ಏನಂದ್ಕೊಳ್ತಾರೆ” ಅಂದರು. ಪುಳಿಯೋಗರೆ, ಮೊಸರನ್ನ, ಪಲ್ಯ ಎಲ್ಲ ಹೊರಗಿನಿಂದ ಬಂದರೆ ಅವರಿಗೂ ದರ್ಶನಕ್ಕೆ ಹೋಗಲು ಹೊತ್ತು ಸಿಗುತ್ತದೆ ಅಂದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೇಟೆಯಲ್ಲೇ ಇದ್ದುಕೊಂಡು ಎಷ್ಟೋ ವರ್ಷ ಅವರಿಗೆ ಗುಡಿ ಕಡೆ ಹೋಗಲೂ ಆಗಿಲ್ಲ. ಆಮೇಲೆ, “ಆಯ್ತು ತರ್ಲಿ. ಆದ್ರೆ ಸಾರು ಮಾತ್ರ ನಾನೇ ಮಾಡ್ತೀನಿ. ನೀನು ತರೋ ಹಾಗಿದ್ರೆ ಅನ್ನದ್ದು ತಗೊಂಡ್ ಬಾ, ಪುಣೆ ಸೇರಿದ ಮೇಲೆ ನೀವು ಸಾರಿಗೂ ಬೆಲ್ಲ ಹಾಕ್ತೀರಂತೆ” ಅಂದರು.