ದೊಡ್ಡ ಸಾಕ್ಷಿ ಇದ್ದವರಷ್ಟೇ ಎದ್ದು ನಿಲ್ಲಬೇಕಾ?

ನಿನ್ನೆ ಪ್ರಾರ್ಥನಾ ಕೂಟದಿಂದ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ನನ್ನನ್ನು ಬಲ್ಲವರಿಗೆ ಗೊತ್ತು, ಸಭೆಯ, ಅಂದರೆ ನಮ್ಮ ಚರ್ಚಿನ, ಒಳಗಿನ ಮಾತನ್ನು ನಾನು ಇಲ್ಲಿ ತರುವವಳಲ್ಲ. ಆದರೆ ಇದು ನಮ್ಮ ಒಂದು ಸಭೆಯ ಮಾತಲ್ಲ. ಎಷ್ಟೋ ಕಡೆ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಕ್ಷಿ ಹೇಳುವ ಸಮಯ, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ಹೇಳುವ ಹೊತ್ತು. ಒಬ್ಬರಿಗೆ ಕೆಲಸ ಸಿಕ್ಕಿತ್ತು. ಇನ್ನೊಬ್ಬರ ಮಗುವಿಗೆ ಆಪರೇಷನ್ ಚೆನ್ನಾಗಿ ಆಗಿತ್ತು. ಎಲ್ಲರೂ ಸ್ತೋತ್ರ ಹೇಳಿದೆವು, ನಾನೂ ಮನಸಾರೆ ಹೇಳಿದೆ. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಅಕ್ಕ ಎದ್ದರು. ಯಾವತ್ತೂ ಬಾಯಿಬಿಟ್ಟು ಮಾತಾಡಿದವರಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರ ಅತ್ತೆ ಹಾಸಿಗೆ ಹಿಡಿದು ಬಹಳ ಕಾಲವಾಯಿತು. ತೊಳೆಯುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಇವರೊಬ್ಬರೇ. ಅತ್ತೆಗೆ ಈಗ ನೆನಪೂ ಸರಿಯಿಲ್ಲ, ಬೈಗುಳ ಮಾತ್ರ ಮರೆತಿಲ್ಲ.

ಅಕ್ಕ ಹೇಳಿದ್ದು ಇಷ್ಟೇ: "ಈ ವಾರ ನಾನು ಅತ್ತೆ ಮೇಲೆ ಕೂಗಾಡಲಿಲ್ಲ. ರಾತ್ರಿ ಎಬ್ಬಿಸಿದಾಗಲೂ ಕೂಗಾಡಲಿಲ್ಲ. ಯೇಸಪ್ಪಾ ಅಂತ ಎದ್ದು ಹೋದೆ. ಅಷ್ಟೇ."

ಕೂಟ ನಡೆಸುತ್ತಿದ್ದವರು ನಕ್ಕರು. ಕೆಟ್ಟ ನಗು ಅಲ್ಲ, ಅವಸರದ ನಗು. "ಸ್ತೋತ್ರ ಸಿಸ್ಟರ್, ಕೂತ್ಕೊಳ್ಳಿ. ದೇವರು ಮಾಡಿದ ದೊಡ್ಡ ಕಾರ್ಯ ಹೇಳೋರು ಇನ್ಯಾರಾದ್ರೂ ಇದ್ದೀರಾ?"

ಅಕ್ಕ ಕೂತುಬಿಟ್ಟರು. ಮುಂದಿನ ಸಲ ಅವರು ಏಳುವುದಿಲ್ಲ. ನನಗೆ ಗೊತ್ತು.

ದೊಡ್ಡ ಕಾರ್ಯವಂತೆ! ನಿದ್ದೆಗೆಟ್ಟ ಹೆಂಗಸು, ನಡುರಾತ್ರಿ, ತನ್ನನ್ನು ಬೈಯುವ ಮುದುಕಿಯ ಹಾಸಿಗೆ ಬದಲಿಸುತ್ತಾ ಸಿಟ್ಟನ್ನು ನುಂಗಿಕೊಂಡಿದ್ದು ದೊಡ್ಡದಲ್ಲದೆ ಇನ್ನೇನು? ನೆಂಟರು ನೋಡಲಿಲ್ಲ, ಪಾಸ್ಟರ್ ನೋಡಲಿಲ್ಲ. ಅತ್ತೆಗೆ ಬೆಳಗಾದರೆ ನೆನಪೂ ಇರುವುದಿಲ್ಲ. ಪವಿತ್ರಾತ್ಮನ ಕೆಲಸ ಇದಲ್ಲ ಅನ್ನುವುದಾದರೆ ಆ ಕೆಲಸ ಹೇಗಿರುತ್ತದೆ ಅಂತ ನನಗೆ ಯಾರಾದರೂ ಹೇಳಿ. ಬೈಬಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಆ ಆತ್ಮನ ಫಲಗಳನ್ನು ಹೇಳುತ್ತಾ ಹೋಗುತ್ತಾನೆ. ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ... ಒಂದಾದರೂ ಮೈಕ್ ಹಿಡಿದು ಹೇಳುವಂಥದ್ದಿದೆಯಾ? ಎಲ್ಲವೂ ಮನೆಯೊಳಗೆ, ಜೊತೆಗಿರುವವರ ನಡುವೆ ಕಾಣಿಸಿಕೊಳ್ಳುವಂಥವೇ.

ನಾವು ದೇವರ ಪ್ರೀತಿಯನ್ನು ಬಹುಮಾನ ಮಾಡಿಟ್ಟಿದ್ದೇವೆ. ರೋಗ ವಾಸಿಯಾದವರಿಗೆ ಇದೆ, ಕೆಲಸ ಸಿಕ್ಕವರಿಗೆ ಇದೆ, ಒಂದೇ ರಾತ್ರಿಯಲ್ಲಿ ಬದಲಾದವರಿಗೆ ಇದೆ. ಉಳಿದವರು ಕಾಯಬೇಕು. ನಂಬಿಕೆ ಜಾಸ್ತಿ ಮಾಡಿಕೊಳ್ಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಬೋಧಿಸುವುದಿಲ್ಲ. ಆದರೆ ಯಾರನ್ನು ಮುಂದೆ ಕರೆಯುತ್ತೇವೆ, ಯಾರನ್ನು ಬೇಗ ಕೂರಿಸುತ್ತೇವೆ ಅನ್ನುವುದರಲ್ಲೇ ಬೋಧನೆ ಮುಗಿದುಹೋಗಿರುತ್ತದೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯನ್ನು ಸ್ವಲ್ಪ ನಿಧಾನಕ್ಕೆ ಓದಿ. ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳುಮಾಡಿಕೊಂಡ, ತಪ್ಪಿಹೋದ ಮಗ ದಾರಿಯಲ್ಲೇ ಮಾತು ಜೋಡಿಸಿಕೊಂಡು ಬರುತ್ತಾನೆ. ಅಪ್ಪಾ, ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನಂತೆ ಇಟ್ಟುಕೋ. ಆದರೆ ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಹೋಗಿ ತಬ್ಬಿಕೊಂಡು ಮುದ್ದಿಡುತ್ತಾನೆ. ಕೂಲಿಯವನಾಗಿ ಇಟ್ಟುಕೋ ಅನ್ನುವ ಮಾತು ಹುಡುಗನ ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಒಳ್ಳೆಯ ನಿಲುವಂಗಿ ತನ್ನಿ ಅಂದಾಗಿರುತ್ತದೆ. ಆ ಹೊತ್ತಿಗೆ ಮಗ ಏನು ಬದಲಾಗಿದ್ದ? ಹೊಟ್ಟೆ ಹಸಿದಿತ್ತು, ಬುದ್ಧಿ ಬಂದಿತ್ತು, ಮನೆ ಕಡೆ ತಿರುಗಿದ್ದ. ಅಷ್ಟೇ. ತಂದೆ ಅವನ ಸಾಕ್ಷಿ ಕೇಳಿ ಆಮೇಲೆ ತಬ್ಬಿಕೊಳ್ಳಲಿಲ್ಲ.

ಕಥೆ ಔತಣದಲ್ಲಿ ನಿಲ್ಲುತ್ತದೆ. ಮಾರನೆಯ ದಿನದ ಬಗ್ಗೆ ನಾನು ತುಂಬಾ ಯೋಚಿಸುತ್ತೇನೆ. ಅವನು ಅದೇ ಮನೆಯಲ್ಲಿ ಏಳಬೇಕು. ಮುಖ ಸಿಂಡರಿಸಿಕೊಂಡ ಅಣ್ಣನ ಎದುರು ಕೂರಬೇಕು. ದುಂದು ಮಾಡಿ ರೂಢಿಯಾದ ಕೈ, ಕೆಲಸ ಬಿಟ್ಟ ಮೈ. ನಿಲುವಂಗಿ ಒಂದೇ ದಿನದಲ್ಲಿ ಸಿಕ್ಕಿತು, ಆ ಮನೆಯ ಮಗನಾಗಿ ಬಾಳುವುದಕ್ಕೆ ಎಷ್ಟು ದಿನ ಬೇಕಾಯಿತೋ. ನಮ್ಮಲ್ಲಿ ಹೆಚ್ಚಿನವರು ಬದುಕುತ್ತಿರುವುದು ಆ ಮಾರನೆಯ ದಿನದಲ್ಲಿ. ಔತಣದ ದಿನದಲ್ಲಲ್ಲ.

ಈಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ಹಾಗಾದರೆ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಪೌಲನಿಗೆ ದಮಸ್ಕದ ದಾರಿಯಲ್ಲಿ ಯೇಸು ಬೆಳಕಿನಲ್ಲಿ ಎದುರಾಗಿದ್ದು? ಒಂದೇ ಕ್ಷಣದಲ್ಲಿ ಬದಲಾಗಲಿಲ್ವಾ? ಅದ್ಭುತಗಳನ್ನು ನೀವು ನಂಬಲ್ವಾ?" ನಂಬುತ್ತೇನೆ. ನಂಬುವುದರಿಂದಲೇ ಹೇಳುತ್ತಿದ್ದೇನೆ. ಆದರೆ ಪೌಲನನ್ನೇ ಕೇಳಿ ನೋಡಿ. ದಮಸ್ಕದ ಬೆಳಕು ಕಂಡ ಮೇಲೆ ಅರೇಬಿಯಕ್ಕೆ ಹೋದ, ಮೂರು ವರ್ಷದ ನಂತರ ಯೆರೂಸಲೇಮಿಗೆ ಬಂದ. ಗಲಾತ್ಯದ ಪತ್ರದ ಮೊದಲ ಅಧ್ಯಾಯದಲ್ಲಿ ಅವನೇ ಬರೆದಿದ್ದಾನೆ. ಫಿಲಿಪ್ಪಿಯವರಿಗೆ ಬರೆಯುವಾಗ, ಇದನ್ನೆಲ್ಲ ನಾನು ಈಗಾಗಲೇ ಪಡೆದುಬಿಟ್ಟಿಲ್ಲ, ಹಿಡಿಯಲು ಇನ್ನೂ ಓಡುತ್ತಿದ್ದೇನೆ ಅನ್ನುತ್ತಾನೆ. ಹೊರಗಿನ ದೇಹ ಸವೆಯುತ್ತಿದ್ದರೂ ಒಳಗಿನ ಮನುಷ್ಯ ದಿನದಿಂದ ದಿನಕ್ಕೆ ಹೊಸದಾಗುತ್ತಾನೆ ಅಂದವನೂ ಅವನೇ, ಕೊರಿಂಥದವರಿಗೆ ಬರೆದ 2ನೇ ಪತ್ರದ 4ನೇ ಅಧ್ಯಾಯದಲ್ಲಿ. ದಿನದಿಂದ ದಿನಕ್ಕೆ! ಆಕಾಶದ ಬೆಳಕಿಗೆ ಮೂರು ದಿನ ಕಣ್ಣು ಕಾಣದಾದವನು ಹೇಳುವ ಮಾತು ಇದು.

ಯೇಸುವಿನ ಶಿಷ್ಯ ಪೇತ್ರನೂ ಅಷ್ಟೇ. ಅಪೊಸ್ತಲರ ಕೃತ್ಯಗಳು 10ರಲ್ಲಿ ದೇವರು ಅವನಿಗೆ ದರ್ಶನ ಕೊಟ್ಟು, ಯಾವ ಮನುಷ್ಯನನ್ನೂ ಹೊಲೆ ಅನ್ನಬೇಡ ಅಂತ ಕಲಿಸಿದರು. ಅನ್ಯಜನದವನಾದ, ಅಂದರೆ ಯೆಹೂದ್ಯನಲ್ಲದ, ಕೊರ್ನೇಲ್ಯನ ಮನೆಗೆ ಹೋಗಿ ಬಂದ. ಆಮೇಲೂ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಜನ ಬಂದರು ಅಂತ ಹೆದರಿ, ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಪೌಲ ಎದುರಿಗೇ ಖಂಡಿಸಬೇಕಾಯಿತು. ದರ್ಶನ ಸುಳ್ಳಾಗಿತ್ತಾ? ಇಲ್ಲ. ದರ್ಶನದಲ್ಲಿ ಕಂಡಿದ್ದನ್ನು ಊಟದ ಪಂಕ್ತಿಗೆ ತರಬೇಕಿತ್ತು. ಅದು ಇನ್ನೊಂದು ದಿನದ ಕೆಲಸ.

ಸತ್ಯವೇದದ, ಅಂದರೆ ಬೈಬಲಿನ, ಹೊರಗಿನ ಮಾತು ಬೇಕಾದರೆ ಜಾನ್ ನ್ಯೂಟನ್ ಅನ್ನುವ ಇಂಗ್ಲಿಷ್ ನಾವಿಕನನ್ನು ನೋಡಿ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಯಲ್ಲಿ ಹಡಗು ಮುಳುಗುವ ಹಾಗಾದಾಗ ದೇವರನ್ನು ಕೂಗಿದ. ಬದುಕಿದ. ಆ ದಿನವನ್ನು ಜೀವನವಿಡೀ ನೆನೆದ. ನಮ್ಮ ಕೂಟಕ್ಕೆ ಬಂದಿದ್ದರೆ ಮೈಕ್ ಅವನ ಕೈಗೇ. ಆದರೆ ಆ ಬಿರುಗಾಳಿಯ ನಂತರವೂ ಅವನು ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ದುಡಿದ, ಕ್ಯಾಪ್ಟನ್ ಕೂಡ ಆದ. ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ ಹಾಕಿದ ಮನುಷ್ಯರು. ಸಮುದ್ರದ ಕೆಲಸ ಬಿಟ್ಟಿದ್ದು 1754ರಲ್ಲಿ, ಅದೂ ಕಾಯಿಲೆ ಬಿದ್ದಿದ್ದಕ್ಕೆ. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದಿದ್ದು 1788ರಲ್ಲಿ. ನನ್ನ ಈ ಅರಿಕೆ ತೀರಾ ತಡವಾಗಿ ಬರುತ್ತಿದೆ ಅಂತ ಅದರಲ್ಲಿ ಒಪ್ಪಿಕೊಂಡ. ಬಿರುಗಾಳಿಯಿಂದ ಅಲ್ಲಿಗೆ 40 ವರ್ಷ. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಅವನು ತೀರಿಕೊಂಡ. ಆ 40 ವರ್ಷ ದೇವರು ಅವನನ್ನು ಕೈಬಿಡಲಿಲ್ಲ ಅನ್ನುವುದು ನನಗೆ ಬಿರುಗಾಳಿಗಿಂತ ದೊಡ್ಡ ವಿಷಯ. ಮತ್ತೆ, ಬಿರುಗಾಳಿಯ ಸಾಕ್ಷಿ ಕೇಳಿ ಚಪ್ಪಾಳೆ ತಟ್ಟಿ ಸುಮ್ನೆ ಆಗಿಬಿಡುವ ಸಭೆ ಎಷ್ಟು ಅಪಾಯದ್ದು ಅನ್ನುವುದೂ ಅಲ್ಲೇ ಇದೆ. ಹಡಗಿನ ಕೆಳಗಿದ್ದ ಆ ಮನುಷ್ಯರು ಕಾಯುತ್ತಲೇ ಇದ್ದರು, ಅಲ್ವಾ?

"ಕೇಳುವವರ ನಂಬಿಕೆ ಬಲವಾಗಬೇಕು, ಅದಕ್ಕೆ ದೊಡ್ಡದನ್ನೇ ಕೇಳುತ್ತೇವೆ" ಅಂತಲೂ ಹೇಳುತ್ತಾರೆ. ಯಾರ ನಂಬಿಕೆ? ನಿನ್ನೆ ಅಲ್ಲಿ ಕೂತಿದ್ದವರಲ್ಲಿ ಬಿರುಗಾಳಿ ಕಂಡವರು ಇರಲಿಕ್ಕಿಲ್ಲ. ಮನೆಯಲ್ಲಿ ಯಾರ ಮೇಲಾದರೂ ಕೂಗಾಡದೆ ಇರುವವರೂ ಇರಲಿಕ್ಕಿಲ್ಲ.

ನನ್ನ ಮಾತು ಹೇಳುತ್ತೇನೆ. ಅಪ್ಪ ತೀರಿಕೊಂಡ ವರ್ಷ ನನಗೆ ಪ್ರಾರ್ಥನೆ ಮಾಡಲು ಬಾಯಿಯೇ ಬರುತ್ತಿರಲಿಲ್ಲ. ಹಾಡುಗಳು ಗಂಟಲಲ್ಲೇ ನಿಂತುಬಿಡುತ್ತಿದ್ದವು. ಆಗ ನನ್ನನ್ನು ಹಿಡಿದಿದ್ದು ಸತ್ಯವೇದದ ಪ್ರಲಾಪಗಳ ಪುಸ್ತಕದ 3ನೇ ಅಧ್ಯಾಯ. ಯೆಹೋವನ ಕರುಣೆ ಮುಗಿದುಹೋಗಿಲ್ಲ, ಅದು ದಿನವೂ ಹೊಸದಾಗಿ ಒದಗುತ್ತದೆ ಅನ್ನುವ ಮಾತು. ಅದನ್ನು ಎಲ್ಲಿ ನಿಂತು ಹೇಳಿದ್ದು ಅನ್ನುವುದನ್ನು ನಾವು ಮರೆಯುತ್ತೇವೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಹಾಳುಮಾಡಿದ್ದರು. ದೇವಾಲಯ ಸುಟ್ಟಿತ್ತು, ಮಕ್ಕಳು ಬೀದಿಯಲ್ಲಿ ಹಸಿವಿಗೆ ಬೀಳುತ್ತಿದ್ದರು. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು, ನಾನು ಕೂಗಿದರೂ ದೇವರು ನನ್ನ ಪ್ರಾರ್ಥನೆಗೆ ಅಡ್ಡಿ ಹಾಕಿದ್ದಾನೆ ಅಂತ ಅದೇ ಮನುಷ್ಯ ಅಳುತ್ತಾನೆ. ಅವನ ಕಷ್ಟ ತೀರಿರಲಿಲ್ಲ. ಪಟ್ಟಣ ಇನ್ನೂ ಹಾಳಾಗೇ ಇತ್ತು. ಅದರ ನಡುವೆ ಕೂತು ಕರುಣೆ ಹೊಸದಾಗಿದೆ ಅಂದ. ಇವತ್ತು ಇದನ್ನು ಹೇಳಿದ್ದರೆ "ಏನು ಬದಲಾಯ್ತು ಬ್ರದರ್?" ಅಂತ ನಾವು ಕೇಳುತ್ತಿದ್ದೆವು.

ಆ ವರ್ಷ ನನಗೂ ಏನೂ ಬದಲಾಗಲಿಲ್ಲ. ಬೆಳಿಗ್ಗೆ ಎದ್ದೆ, ಅಮ್ಮನಿಗೆ ಮಾತ್ರೆ ಕೊಟ್ಟೆ, ಕೆಲಸಕ್ಕೆ ಹೋದೆ. ಹಾಗೆ ಎದ್ದು ಹೋಗುವಷ್ಟು ಶಕ್ತಿ ಪ್ರತಿದಿನ ಎಲ್ಲಿಂದಲೋ ಬರುತ್ತಿತ್ತು. ಒಂದು ದಿನಕ್ಕೆ ಆಗುವಷ್ಟು. 40 ವರ್ಷ ಅಡವಿಯಲ್ಲಿ ಅಲೆದ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರ, ಆ ಮನ್ನದ ಕಥೆ ಆಗ ಅರ್ಥವಾಯಿತು. ವಿಮೋಚನಕಾಂಡ 16ರಲ್ಲಿ ಅವರು ಮಾರನೆಯ ದಿನಕ್ಕೆ ಅಂತ ಎತ್ತಿಟ್ಟಿದ್ದು ಹುಳ ಬಿದ್ದು ನಾತ ಹೊಡೆಯಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಇಟ್ಟಿದ್ದು ಮಾತ್ರ ಕೆಡಲಿಲ್ಲ. 40 ವರ್ಷಕ್ಕಾಗುವಷ್ಟನ್ನು ಒಂದೇ ಸಲ ಸುರಿಯುವುದು ದೇವರಿಗೆ ಕಷ್ಟವಿತ್ತಾ? ಆದರೂ ದಿನದಿನದ್ದು ದಿನದಿನವೇ ಕೊಟ್ಟರು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ಕೇಳುವುದು ಆಯಾ ದಿನದ ಆಹಾರವನ್ನೇ.

ಎಲೀಯನನ್ನೂ ನೆನೆಯಿರಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಮುಂದಿನ ಅಧ್ಯಾಯದಲ್ಲೇ ಜೀವಭಯದಿಂದ ಅಡವಿಗೆ ಓಡಿ, ಗಿಡದ ಕೆಳಗೆ ಬಿದ್ದು, ಸಾಕು ಕರ್ತನೇ, ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ನಂಬಿಕೆ ಎಲ್ಲಿ ಹೋಯಿತು ಅಂತ ಗದರಲಿಲ್ಲ. ದೂತ ಬಂದು ಮೈಮುಟ್ಟಿ, ಏಳು, ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಲೆಯ ಹತ್ತಿರ ಒಂದು ಕೊಡ ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದ, ಮತ್ತೆ ತಿನ್ನು ಅಂದ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ಸೋತವನ ಮೇಲೆ ದೇವರ ಪ್ರೀತಿ ಎಷ್ಟು ಮೆತ್ತಗೆ ಕೈಯಿಡುತ್ತದೆ ನೋಡಿ! ನಿದ್ದೆ, ರೊಟ್ಟಿ, ನೀರು, ಇನ್ನೊಂದು ನಿದ್ದೆ. ಇದನ್ನು ಓದಿ ನಾನು ಅತ್ತಿದ್ದೇನೆ.

17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಅಡುಗೆ ಕೆಲಸ ಅವರಿಗೆ ಇಷ್ಟವೂ ಇರಲಿಲ್ಲ. ಆದರೆ ಪಾತ್ರೆಗಳ ಸದ್ದಿನ ನಡುವೆಯೂ ಮೊಣಕಾಲೂರಿ ಪ್ರಾರ್ಥಿಸುವಾಗಿನಷ್ಟೇ ನೆಮ್ಮದಿಯಾಗಿ ದೇವರ ಜೊತೆ ಇರುತ್ತೇನೆ ಅನ್ನುತ್ತಿದ್ದರು. ದೊಡ್ಡ ಘಟನೆ ಯಾವುದೂ ಇಲ್ಲ. ತೀರಿಕೊಂಡಿದ್ದು 1691ರಲ್ಲಿ. ಇವತ್ತಿಗೂ ಜನ ಅವರಿಂದ ಪ್ರಾರ್ಥನೆ ಕಲಿಯುತ್ತಿದ್ದಾರೆ.

ಇಷ್ಟು ಸಿಟ್ಟು ಯಾಕೆ ಅಂದರೆ, ಈ "ದೊಡ್ಡ ಸಾಕ್ಷಿ"ಯ ಹುಚ್ಚು ಒಬ್ಬರನ್ನು ಏನು ಮಾಡಿತು ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮಗೆಲ್ಲ ಬೇಕಾದ ಒಬ್ಬ ಅಣ್ಣ ಕುಡಿತ ಬಿಟ್ಟಿದ್ದರು. ನಿಜವಾಗಿಯೂ ಬಿಟ್ಟಿದ್ದರು. ಅವರನ್ನು ಕೂಟದಿಂದ ಕೂಟಕ್ಕೆ ಕರೆದರು, ಎಲ್ಲ ಕಡೆ ಅದೇ ಕಥೆ ಹೇಳಿಸಿದರು. ಯೇಸು ನನ್ನನ್ನು ಒಂದೇ ರಾತ್ರಿಯಲ್ಲಿ ಬಿಡಿಸಿದರು ಅನ್ನುವಾಗ ಜನ ಎದ್ದು ನಿಲ್ಲುತ್ತಿದ್ದರು. ಆಮೇಲೆ ಒಂದು ದಿನ ಅವರು ಮತ್ತೆ ಕುಡಿದರು. ಅದನ್ನು ಹೇಳಿಕೊಳ್ಳಲು ಅವರಿಗೆ ಜಾಗವೇ ಇರಲಿಲ್ಲ. ಸಾಕ್ಷಿ ಹೇಳಿದ ಬಾಯಿಂದ ಬಿದ್ದೆ ಅಂತ ಹೇಗೆ ಹೇಳುವುದು? ಸಭೆಗೆ ಬರುವುದನ್ನೇ ಬಿಟ್ಟರು. ನೀತಿವಂತ ಏಳು ಸಲ ಬಿದ್ದರೂ ಮತ್ತೆ ಏಳುತ್ತಾನೆ ಅಂತ ಜ್ಞಾನೋಕ್ತಿ 24ರಲ್ಲಿ ಇದೆ. ಬಿದ್ದವನು ಏಳಲು ಕೈ ಚಾಚುವ ದೇವರು ಅಲ್ಲೇ ಇದ್ದರು. ಅವರ ಮತ್ತು ಆ ದೇವರ ನಡುವೆ ನಮ್ಮ ಚಪ್ಪಾಳೆ ಅಡ್ಡ ನಿಂತುಬಿಟ್ಟಿತು.

ಮೊನ್ನೆ ಅವರೇ ಫೋನ್ ಮಾಡಿದ್ದರು. ದನಿ ಸಣ್ಣದಾಗಿತ್ತು. "ಇವತ್ತು ಕುಡಿದಿಲ್ಲ ಕಣಮ್ಮಾ. ನಾಳೆದು ಗೊತ್ತಿಲ್ಲ. ಭಾನುವಾರ ಬರಬಹುದಾ?" ಅಂದರು. ಬನ್ನಿ ಅಣ್ಣಾ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದೆ.

ನಮ್ಮ ಸಭೆಯವರು ಬಹಳ ಜನ ಇದನ್ನು ಓದುತ್ತೀರಿ. ಕೈಮುಗಿದು ಕೇಳುತ್ತೇನೆ. ಅವರು ಬಂದಾಗ ಇಷ್ಟು ದಿನ ಎಲ್ಲಿ ಹೋಗಿದ್ರಿ ಅಂತ ಕೇಳಬೇಡಿ. ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಬೇಡಿ. ಮುಂದೆ ಕರೆಯಬೇಡಿ, ಮೈಕ್ ಕೊಡಬೇಡಿ. ನಿಮ್ಮ ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಳ್ಳಿ, ಹಾಡಿನ ಪುಸ್ತಕದ ಒಂದು ಬದಿ ಅವರ ಕಡೆ ಹಿಡಿಯಿರಿ. ಸೋಮವಾರ ಯಾರಾದರೂ ಒಬ್ಬರು ಅವರಿಗೆ ಫೋನ್ ಮಾಡಿ. ಮಂಗಳವಾರ ನಾನು ಮಾಡುತ್ತೇನೆ.